ಮೂತ್ರಕೋಶದ ನೋವಿನ ಅಧ್ಯಯನಕ್ಕೆ ಸೇರಿದ ಮೇಲೆ

ಮೂತ್ರಕೋಶದ ದೀರ್ಘಕಾಲದ ನೋವನ್ನು ಕುರಿತು ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ನಡೆಯುತ್ತಿರುವ ಅಧ್ಯಯನಕ್ಕೆ ನಾನು ಕಳೆದ ವರ್ಷ ಸೇರಿಕೊಂಡೆ. ಹೊಸ ಔಷಧಿಯನ್ನು ಕೊಟ್ಟು ನೋಡುವ ಅಧ್ಯಯನ ಇದಲ್ಲ. ಈ ನೋವು ಇರುವವರನ್ನು ಬಹುಕಾಲ ಗಮನಿಸುತ್ತ, ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಅದರ ಜೊತೆಯಲ್ಲಿ ದೇಹದ ಬೇರೆ ಭಾಗಗಳಲ್ಲಿ ಏನಾಗುತ್ತದೆ ಎಂಬುದನ್ನು ದಾಖಲಿಸುವುದಷ್ಟೇ ಇದರ ಕೆಲಸ. ನಾನು ಸೇರಿದ ಸುದ್ದಿ ಹೇಗೋ ಹರಡಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಪರಿಚಯದ ಹೆಂಗಸರು ಒಬ್ಬೊಬ್ಬರಾಗಿ ಫೋನ್ ಮಾಡಿ, ದನಿ ತಗ್ಗಿಸಿ, "ಅಲ್ಲಿ ಎಂತ ಮಾಡ್ತಾರೆ, ನಮ್ಮನ್ನೂ ಸೇರಿಸ್ಕೊಳ್ತಾರಾ?" ಎಂದು ಕೇಳತೊಡಗಿದ ಮೇಲೆ, ತಿಳಿದದ್ದನ್ನೆಲ್ಲ ಒಂದೇ ಕಡೆ ಬರೆದಿಡುವುದು ಒಳ್ಳೆಯದೆನಿಸಿತು. ಅಧ್ಯಯನ ಇನ್ನೂ ನಡೆಯುತ್ತಿರುವುದರಿಂದ ಆಸ್ಪತ್ರೆಯ ಹೆಸರನ್ನಾಗಲಿ, ಅಲ್ಲಿನವರ ಹೆಸರನ್ನಾಗಲಿ ಬರೆಯುತ್ತಿಲ್ಲ.

ಮೊದಲಿಗೆ ಕಾಯಿಲೆಯ ವಿಷಯ. ವೈದ್ಯರು ಇದನ್ನು ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್ ಎಂದೂ ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ಮೂತ್ರಕೋಶ ತುಂಬುತ್ತ ಬಂದಂತೆ ಕಿಬ್ಬೊಟ್ಟೆಯಲ್ಲಿ ನೋವೋ ಒತ್ತಡವೋ ಉರಿಯೋ ಏರುತ್ತದೆ. ಮೂತ್ರ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಇಳಿಯುತ್ತದೆ. ಮತ್ತೆ ತುಂಬತೊಡಗಿದಾಗ ಮತ್ತೆ ಏರುತ್ತದೆ. ಹಗಲೂ ರಾತ್ರಿಯೂ ಮೇಲಿಂದ ಮೇಲೆ ಎದ್ದು ಹೋಗಬೇಕಾಗುತ್ತದೆ. ನೋಡುವವರಿಗೆ ಇದು ಉರಿಮೂತ್ರದ ಹಾಗೆಯೇ ಕಾಣುತ್ತದೆ, ಆದರೆ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಬೆಳೆಯುವುದಿಲ್ಲ. ಸೋಂಕಾಗಲಿ ಬೇರೆ ಕಾರಣವಾಗಲಿ ಇಲ್ಲದೆ ಇಂಥ ಲಕ್ಷಣಗಳು ಆರು ವಾರಕ್ಕೂ ಹೆಚ್ಚು ಕಾಲ ಇದ್ದರೆ ಈ ಕಾಯಿಲೆಯನ್ನು ಪರಿಗಣಿಸಬೇಕೆಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳುವುದೇ ಇಲ್ಲಿ ದೊಡ್ಡ ಕೆಲಸ. ಕಲ್ಲು, ಗೆಡ್ಡೆ, ಗರ್ಭಕೋಶದ ತೊಂದರೆ ಇವೆಲ್ಲವನ್ನೂ ನೋಡಬೇಕು. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ, ಏಕೆಂದರೆ ಕ್ಷಯ ಮೂತ್ರಕೋಶಕ್ಕೆ ಬಂದಾಗಲೂ ಇದೇ ಬಗೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ ಮತ್ತು ಅದಕ್ಕೆ ಗುಣವಾಗುವ ಔಷಧಿಯಿದೆ.

ನನಗೆ ಈ ಹೆಸರು ಸಿಗುವ ಮೊದಲು ಹಲವು ವರ್ಷ ಆಂಟಿಬಯೋಟಿಕ್ ಮಾತ್ರೆಗಳಲ್ಲಿಯೇ ಕಳೆದವು. ಕಲ್ಚರ್ ಮಾಡಿಸದೆಯೇ ಬರೆದುಕೊಟ್ಟ ಮಾತ್ರೆಗಳೂ ಅವುಗಳಲ್ಲಿದ್ದವು. ಮನೆಯಲ್ಲಿ ಬಾರ್ಲಿ ನೀರು, ಕೊತ್ತಂಬರಿ–ಜೀರಿಗೆ ಕಷಾಯ, ಲಾವಂಚದ ನೀರು ಎಲ್ಲವೂ ಆದವು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲವೆಂಬುದನ್ನು ಕೆಲವರು ಏನೂ ಇಲ್ಲವೆಂದೇ ಅರ್ಥಮಾಡಿಕೊಂಡರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಧ್ಯಾನ ಮಾಡಿ ಎಂಬ ಸಲಹೆಯೂ ಬಂತು. ಈ ಕಾಯಿಲೆಯಿರುವ ಬಹುತೇಕ ಎಲ್ಲರ ಕಥೆಯೂ ಹೀಗೆಯೇ ಇರುವುದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ. ಕೊನೆಗೆ ಶಿವಮೊಗ್ಗದ ಒಬ್ಬ ಯೂರಾಲಜಿಸ್ಟ್ ಸಾವಧಾನದಿಂದ ಕೇಳಿ, ಸಿಸ್ಟೋಸ್ಕೋಪಿ, ಅಂದರೆ ಸಣ್ಣ ಕೊಳವೆಯ ಮೂಲಕ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ ಮಾಡಿಸಿ, ಕ್ಷಯದ ಪರೀಕ್ಷೆಯನ್ನೂ ಮುಗಿಸಿ, ಇದು ಈ ಕಾಯಿಲೆಯೆಂದು ಹೇಳಿದರು. ಅಧ್ಯಯನದ ವಿಷಯವನ್ನು ತಿಳಿಸಿದವರೂ ಅವರೇ.

ಸಿಸ್ಟೋಸ್ಕೋಪಿಯಲ್ಲಿಯೂ ನನ್ನ ಮೂತ್ರಕೋಶದ ಒಳಪದರ ಬಹುಮಟ್ಟಿಗೆ ಸಹಜವಾಗಿಯೇ ಇತ್ತು. ಅಮೆರಿಕದ ಬಾಲ್ಟಿಮೋರ್‌ನ ಗೈ ಹನ್ನರ್ ಎಂಬ ವೈದ್ಯರು 1915ರಲ್ಲಿ ಈ ಕಾಯಿಲೆಯಲ್ಲಿ ಕಾಣುವ ಒಂದು ಬಗೆಯ ಹುಣ್ಣನ್ನು ವಿವರಿಸಿದ್ದರು, ಅದಕ್ಕೆ ಇಂದಿಗೂ ಅವರದೇ ಹೆಸರಿದೆ. ಆ ಗಾಯ ಇರುವವರಿಗೆ ಅದನ್ನು ಸುಟ್ಟು ತೆಗೆಯುವ ಚಿಕಿತ್ಸೆಯಿಂದ ಒಳ್ಳೆಯ ಉಪಶಮನ ಸಿಗುತ್ತದೆ. ಆದರೆ ಹೆಚ್ಚಿನ ರೋಗಿಗಳಲ್ಲಿ ಅದು ಇರುವುದೇ ಇಲ್ಲ. ರಕ್ತದಲ್ಲಾಗಲಿ ಮೂತ್ರದಲ್ಲಾಗಲಿ ಈ ಕಾಯಿಲೆಯನ್ನು ಖಚಿತವಾಗಿ ತೋರಿಸಿಕೊಡುವ ಪರೀಕ್ಷೆ ಇನ್ನೂ ಬಂದಿಲ್ಲ. ಹೀಗಿರುವಾಗ ವೈದ್ಯರ ಮುಂದೆ ಉಳಿಯುವ ಮುಖ್ಯ ಪುರಾವೆ ಯಾವುದು? ರೋಗಿ ಹೇಳುವ ಮಾತು. ಆ ಮಾತನ್ನು ಕ್ರಮವಾಗಿ ಕೇಳಿ, ಅಳೆದು, ಬರೆದಿಟ್ಟಾಗಲೇ ಅದು ಜ್ಞಾನವಾಗುತ್ತದೆ. ಯಾರ ಮಾತು ಬರೆಯಲ್ಪಡುವುದಿಲ್ಲವೋ ಅವರ ಕಾಯಿಲೆ ಆ ಜ್ಞಾನದಿಂದ ಹೊರಗೇ ಉಳಿಯುತ್ತದೆ. ನಾನು ಅಧ್ಯಯನಕ್ಕೆ ಸೇರಲು ಒಪ್ಪಿದ್ದು ಈ ಒಂದು ಕಾರಣಕ್ಕೆ.

ಇದು ಬರಿಯ ಭಾವನೆಯ ಮಾತಲ್ಲವೆಂಬುದಕ್ಕೆ ಈ ಕಾಯಿಲೆಯ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು, ಅಂದರೆ ಸಕ್ಕರೆ ಕಾಯಿಲೆ, ಜೀರ್ಣಾಂಗ ಮತ್ತು ಮೂತ್ರಪಿಂಡದ ರೋಗಗಳನ್ನು ನೋಡಿಕೊಳ್ಳುವ ಎನ್‌ಐಡಿಡಿಕೆ, ಅಧ್ಯಯನಗಳಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದಕ್ಕೆ ಕಟ್ಟುನಿಟ್ಟಿನ ಮಾನದಂಡಗಳನ್ನು ರೂಪಿಸಿತು. ಅವು ಸಂಶೋಧನೆಗಾಗಿ ಮಾತ್ರ ಹುಟ್ಟಿದವು, ಆದರೆ ಕ್ರಮೇಣ ವೈದ್ಯರು ರೋಗವಿದೆಯೋ ಇಲ್ಲವೋ ಎಂದು ತೀರ್ಮಾನಿಸಲಿಕ್ಕೂ ಅವನ್ನೇ ಬಳಸತೊಡಗಿದರು. 1999ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಅನುಭವಿ ತಜ್ಞರು ಈ ಕಾಯಿಲೆ ಇದೆಯೆಂದು ನಂಬಿದ್ದ ರೋಗಿಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಜನ ಆ ಮಾನದಂಡಗಳ ಹೊರಗೆ ಬೀಳುತ್ತಾರೆಂದು ತೋರಿಸಿತು. ಅಧ್ಯಯನದ ಬಾಗಿಲಿನಲ್ಲಿ ನಿಲ್ಲಿಸಿದವರನ್ನು ಚಿಕಿತ್ಸೆಯ ಬಾಗಿಲಿನಲ್ಲಿಯೂ ನಿಲ್ಲಿಸಿದಂತಾಯಿತು. ಅದೇ ಸಂಸ್ಥೆ 2008ರಲ್ಲಿ ಮ್ಯಾಪ್ ಎಂಬ ಸಂಶೋಧನಾ ಜಾಲವನ್ನು ಆರಂಭಿಸಿ, ಈ ಬಾರಿ ಬಾಗಿಲನ್ನು ಅಗಲಗೊಳಿಸಿತು. ಗಂಡಸರನ್ನೂ ಹೆಂಗಸರನ್ನೂ ಸೇರಿಸಿಕೊಂಡು, ಮೂತ್ರಕೋಶವನ್ನು ಮಾತ್ರ ನೋಡದೆ ಇಡೀ ದೇಹದ ಚಿತ್ರವನ್ನು ಕೊಟ್ಟು, ಎಲ್ಲೆಲ್ಲಿ ನೋವಿದೆ ಎಂದು ಗುರುತು ಹಾಕಿಸಿತು. ನಾಲ್ವರಲ್ಲಿ ಮೂವರು ಕಿಬ್ಬೊಟ್ಟೆ–ಸೊಂಟದ ಕೆಳಭಾಗವನ್ನು ದಾಟಿ ಬೇರೆ ಕಡೆಗಳಲ್ಲಿಯೂ ಗುರುತು ಹಾಕಿದ್ದರು. ನೋವನ್ನು ಗ್ರಹಿಸುವ ಮಿದುಳು ಮತ್ತು ನರಗಳ ವ್ಯವಸ್ಥೆಯೇ ಕೆಲವರಲ್ಲಿ ಹೆಚ್ಚು ಸೂಕ್ಷ್ಮವಾಗಿರುತ್ತದೆ ಎಂಬ ತಿಳಿವಳಿಕೆಗೆ ಇಂಥ ಗುರುತುಗಳು ಬಲ ಕೊಟ್ಟವು. ಇಲ್ಲಿಯೂ ನನಗೆ ಅಂಥದೇ ಒಂದು ಚಿತ್ರವನ್ನು ಕೊಟ್ಟರು. ಪೆನ್ನು ಹಿಡಿದು ಕುಳಿತಾಗ, ದವಡೆಯ ನೋವನ್ನೂ ಭುಜದ ನೋವನ್ನೂ ಮೂತ್ರಕೋಶದ ವೈದ್ಯರ ಮುಂದೆ ನಾನು ಎಂದೂ ಹೇಳಿರಲಿಲ್ಲ, ಅವರಲ್ಲಿ ಯಾರೂ ಕೇಳಿಯೂ ಇರಲಿಲ್ಲ ಎಂಬುದು ಗಮನಕ್ಕೆ ಬಂತು.

ಮನೆಯಲ್ಲಿ ಮಾತು ಬಂದಾಗ ನಮ್ಮ ಅತ್ತೆಯವರು, "ಅಲ್ಲ ಮಾರಾಯ್ತಿ, ಔಷಧಿಯೂ ಕೊಡೋದಿಲ್ಲ ಅಂದ್ಮೇಲೆ ಅಷ್ಟು ದೂರ ಹೋಗೋದು ಎಂತಕ್ಕೆ? ರಕ್ತ ತಗೊಂಡು ಹೋದವ್ರು ತಿರುಗಿ ಬಂದಿದ್ದುಂಟಾ?" ಎಂದರು. ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಹಾಗಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಗೆ ಸಂಶೋಧಕರು ಬಂದದ್ದು ಇಂದು ನಿನ್ನೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಯವರು ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಗುರುತಿಸಿದರು; ಅದು ಉಣುಗಿನಿಂದ ಹರಡುತ್ತದೆಂಬುದು ತಿಳಿಯಿತು. ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳುವ ಎಚ್ಚರ ನಮ್ಮ ಕಡೆಯ ಮನೆಗಳಿಗೆ ಬಂದದ್ದು ಆ ತಿಳಿವಳಿಕೆಯಿಂದ. ಆದರೆ ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ಬೇರೆ. 1970ರ ದಶಕದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲುಗಳನ್ನು ಸವೆಸಿ ನಡೆಯಲಾಗದಂತೆ ಮಾಡುವ ಕಾಯಿಲೆ ಬೆಳಕಿಗೆ ಬಂತು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ವಂಶಾವಳಿ ಬರೆದುಕೊಂಡರು. ಅದು ವಂಶಪಾರಂಪರ್ಯವಾಗಿ ಬರುವ ಮೂಳೆ–ಕೀಲಿನ ರೋಗವೆಂಬ ತೀರ್ಮಾನಕ್ಕೂ ಬಂದರು. ಗುಣಪಡಿಸುವ ಔಷಧಿ ಮಾತ್ರ ಆ ಕುಟುಂಬಗಳಿಗೆ ಇಂದಿಗೂ ಸಿಕ್ಕಿಲ್ಲ. ಅತ್ತೆಯವರ ಮನಸ್ಸಿನಲ್ಲಿದ್ದದ್ದು ಇದು. ಅಧ್ಯಯನದಿಂದ ಜ್ಞಾನ ಹುಟ್ಟುವುದು ಒಂದು, ಆ ಜ್ಞಾನ ಕೊಟ್ಟವರ ಬಳಿಗೆ ಮರಳಿ ಬರುವುದು ಇನ್ನೊಂದು. ಎರಡನೆಯದು ತಾನಾಗಿ ಆಗುವುದಿಲ್ಲವೆಂದು ತಿಳಿದೇ ನಾನು ಹೋದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೊಟ್ಟರು. ಅದನ್ನು ಅಲ್ಲಿಯೇ ಕುಳಿತು ಓದಿ ಸಹಿ ಮಾಡಬೇಕಾಗಿಲ್ಲ, ಮನೆಗೆ ತೆಗೆದುಕೊಂಡು ಹೋಗಿ ಮನೆಯವರೊಂದಿಗೆ ಮಾತಾಡಿ ಬರಬಹುದು. ನಾನು ಹಾಗೆಯೇ ಮಾಡಿದೆ, ಕೇಳುವವರಿಗೆಲ್ಲ ಹಾಗೆಯೇ ಮಾಡಿ ಎನ್ನುತ್ತೇನೆ. ನಮ್ಮ ದೇಶದಲ್ಲಿ ಇದಕ್ಕೆಲ್ಲ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ಸೇರಿದವರು ಯಾವಾಗ ಬೇಕಾದರೂ ಹೊರಗೆ ಬರಬಹುದು, ಹಾಗೆ ಬಂದರೆ ಅವರಿಗೆ ಸಿಗಬೇಕಾದ ಚಿಕಿತ್ಸೆಗೆ ತೊಂದರೆಯಾಗಬಾರದು. ಔಷಧಿ ಪ್ರಯೋಗಗಳಿಗೆ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯಿಸುತ್ತವೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು ಅವು ಹೇಳುತ್ತವೆ. ಅದೇ ನಿಯಮಗಳ ಪ್ರಕಾರ, ಸಂಶೋಧನೆ ನ್ಯಾಯವಾಗಿ ನಡೆಯುತ್ತದೆಯೇ ಎಂದು ನೋಡಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅವರಲ್ಲಿ ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬ ಮಹಿಳೆಯೂ, ಕಾನೂನು ಬಲ್ಲವರೊಬ್ಬರೂ, ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರೂ ಇರಲೇಬೇಕು. ಕಮಿಟಿಯ ಫೋನ್ ನಂಬರ್ ಮಾಹಿತಿ ಪತ್ರದ ಕೊನೆಯಲ್ಲಿರುತ್ತದೆ. 2007ರಲ್ಲಿ ಆರಂಭವಾದ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯ ಜಾಲತಾಣದಲ್ಲಿ ಅಧ್ಯಯನದ ನಂಬರನ್ನು ಹಾಕಿ ಯಾರು ಬೇಕಾದರೂ ವಿವರ ನೋಡಬಹುದು. ಔಷಧಿ ಪ್ರಯೋಗವಾದರೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಅಲ್ಲಿ ನೋಂದಣಿಯಾಗಿರಬೇಕು. ಅಲ್ಲಿನ ವಿವರ ಇಂಗ್ಲಿಷಿನಲ್ಲಿದೆ, ಆದ್ದರಿಂದ ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ಸಹಿಯ ದಿನ ಅಧ್ಯಯನದ ಸಂಯೋಜಕಿ, ದಾವಣಗೆರೆ ಕಡೆಯ ಹುಡುಗಿ, ನನ್ನೆದುರು ಕುಳಿತು ಒಂದೊಂದು ಪುಟವನ್ನೂ ಓದಿ ಹೇಳಿದಳು. "ನಾನು ಮಧ್ಯದಲ್ಲಿ ಬಿಟ್ಟುಬಿಟ್ಟರೆ?" ಎಂದು ಕೇಳಿದೆ. "ಬಿಡಬಹುದು ಮೇಡಂ, ಕಾರಣ ಹೇಳಲೇಬೇಕು ಅಂತಿಲ್ಲ. ಆದರೆ ಅಲ್ಲಿವರೆಗೆ ಬರೆದದ್ದನ್ನು ಏನು ಮಾಡೋದು ಅಂತ ಈ ಪುಟದಲ್ಲಿದೆ, ನೋಡಿ" ಎಂದು ಬೆರಳಿಟ್ಟು ತೋರಿಸಿದಳು. ರಕ್ತ ಮತ್ತು ಮೂತ್ರದ ಮಾದರಿಗಳನ್ನು ಶೀತಲೀಕರಿಸಿ ಇಟ್ಟು ಮುಂದಿನ ಬೇರೆ ಸಂಶೋಧನೆಗಳಿಗೆ ಬಳಸಲು ಒಪ್ಪಿಗೆಯೇ ಎಂಬ ಪ್ರಶ್ನೆಗೆ ಪ್ರತ್ಯೇಕವಾದ ಚೌಕಗಳಿದ್ದವು. ಮುಖ್ಯ ಅಧ್ಯಯನಕ್ಕೆ ಹೌದೆಂದು, ಇದಕ್ಕೆ ಮಾತ್ರ ಇಲ್ಲವೆನ್ನಲು ಅವಕಾಶವಿತ್ತು. ಹೊಸ ಸಂಶೋಧನೆಯ ಪ್ರತಿ ಬಾರಿಯೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಎಂದು ಕೇಳಿ, ಬೇಕು ಎಂಬ ಉತ್ತರ ಬಂದ ಮೇಲೆ ನಾನು ಹೌದೆಂದು ಗುರುತು ಹಾಕಿದೆ. ಸಹಿಯಾದ ಪ್ರತಿಯೊಂದನ್ನು ನಮಗೂ ಕೊಡಬೇಕು. ಅದನ್ನು ಕೇಳಿ ಪಡೆದು, ಮನೆಯ ಮುಖ್ಯ ಕಾಗದಗಳ ಜೊತೆ ಇಟ್ಟುಕೊಳ್ಳಿ.

ಇನ್ನು ದಿನನಿತ್ಯದ ಕೆಲಸ. ಗೆರೆ ಮತ್ತು ಅಂಕಿಗಳಿರುವ ಒಂದು ಪ್ಲಾಸ್ಟಿಕ್ ಅಳತೆ ಪಾತ್ರೆ, ಒಂದು ಡೈರಿ. ಪ್ರತಿ ಭೇಟಿಗೆ ಮುಂಚೆ ಕೆಲವು ದಿನ, ಹಗಲು ರಾತ್ರಿಯೆನ್ನದೆ ಪ್ರತಿ ಸಲ ಮೂತ್ರವನ್ನು ಅಳೆದು ಬರೆಯಬೇಕು: ಸಮಯ, ಎಷ್ಟು ಮಿಲಿಲೀಟರ್, ಹೋಗುವ ಮೊದಲು ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಹೋಗಿ ಬಂದ ಮೇಲೆ ಎಷ್ಟು, ಆ ನಡುವೆ ಕುಡಿದದ್ದೇನು. ನಮ್ಮದು ಹಳೆಯ ಮನೆ, ಬಚ್ಚಲು ಹಿತ್ತಿಲ ಕಡೆಗಿದೆ. ಆಷಾಢದ ಮಳೆಯಲ್ಲಿ ಕರೆಂಟು ಹೋಗುವುದು ಇದ್ದದ್ದೇ. ಹಂಡೆಯ ಪಕ್ಕದ ಗೂಡಿನಲ್ಲಿ ಟಾರ್ಚನ್ನು ನಿಲ್ಲಿಸಿ, ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಗೆರೆ ಎಲ್ಲಿದೆಯೆಂದು ನೋಡಿ, ಕೈ ಒರೆಸಿಕೊಂಡು ಬರೆಯುತ್ತಿದ್ದೆ. ರಾತ್ರಿ ಒಂದೂವರೆ, 90, ಮೊದಲು ಏಳು, ಆಮೇಲೆ ಮೂರು. ಎರಡೂ ಮುಕ್ಕಾಲು, 70, ಮೊದಲು ಏಳು, ಆಮೇಲೆ ನಾಲ್ಕು. ವಯಸ್ಕರ ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿದುಕೊಳ್ಳಬಲ್ಲದು. ಬೆಳಿಗ್ಗೆ ಆ ಪುಟವನ್ನು ನಮ್ಮ ಮನೆಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, "ಇಷ್ಟು ಸಲ ಎದ್ದಿದ್ದೀಯಾ?" ಎಂದರು. ನಾನು ಎದ್ದು ಹೋಗುವುದು ಅವರಿಗೆ ಗೊತ್ತಿತ್ತು, ಆದರೆ ಗಂಟೆ ಮತ್ತು ಅಳತೆಯೊಂದಿಗೆ ಅದನ್ನು ಅವರು ಕಂಡದ್ದು ಅಂದೇ ಮೊದಲು.

ಶಾಲೆಯಲ್ಲಿ ಇದು ಹೆಚ್ಚು ಕಷ್ಟವಾಯಿತು. ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಪೀರಿಯಡ್ ಮುಗಿಯುವವರೆಗೆ ತಡೆದುಕೊಳ್ಳಬೇಕೆಂದು ಬೆಳಿಗ್ಗೆಯಿಂದ ನೀರೇ ಕುಡಿಯದಿರುವುದು ನನ್ನಂಥ ಬಹಳ ಮಂದಿ ಶಿಕ್ಷಕಿಯರ ಅಭ್ಯಾಸ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ, ಕೆರಳಿದ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ ಎಂಬುದನ್ನು ಡೈರಿಯ ಸಾಲುಗಳೇ ನನಗೆ ತೋರಿಸಿಕೊಟ್ಟವು. ನೀರು ಕುಡಿಯದ ದಿನಗಳ ಸಂಜೆಯ ಅಂಕಿಗಳು ಉಳಿದ ದಿನಗಳಿಗಿಂತ ಹೆಚ್ಚಾಗಿದ್ದವು. ಪಾತ್ರೆಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಸ್ಟಾಫ್ ರೂಮಿನಿಂದ ಶೌಚಾಲಯಕ್ಕೆ ಹೋಗುವಾಗ ಮೊದಮೊದಲು ಮುಜುಗರವಾಗುತ್ತಿತ್ತು. ಮುಖ್ಯೋಪಾಧ್ಯಾಯಿನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಅವರು ನನ್ನ ಪೀರಿಯಡ್‌ಗಳ ನಡುವೆ ಬಿಡುವು ಬರುವಂತೆ ವೇಳಾಪಟ್ಟಿಯನ್ನು ಬದಲಿಸಿಕೊಟ್ಟರು. ಈ ಉಪಕಾರವನ್ನು ಇಲ್ಲಿ ಬರೆಯಲೇಬೇಕು.

ಊಟದ ವಿಷಯದಲ್ಲಿ ಅಧ್ಯಯನದವರು ಏನನ್ನೂ ಬಿಡಿ ಎನ್ನಲಿಲ್ಲ, ತಿಂದದ್ದನ್ನು ಬರೆಯಿರಿ ಎಂದರು. ಕಾಫಿ, ಚಹಾ, ನಿಂಬೆ ಜಾತಿಯ ಹಣ್ಣು, ಟೊಮೆಟೊ, ಖಾರ, ಸೋಡಾ ಇವು ಹಲವರಲ್ಲಿ ನೋವನ್ನು ಹೆಚ್ಚಿಸುತ್ತವೆಂದು ಈ ಕಾಯಿಲೆಯ ಕೈಪಿಡಿಗಳಲ್ಲೆಲ್ಲ ಇದೆ. ಆದರೆ ಆ ಪಟ್ಟಿಗಳು ಬೇರೆ ದೇಶದ ಅಡುಗೆಮನೆಗಳಲ್ಲಿ ಹುಟ್ಟಿದವು. ನಮ್ಮ ಮನೆಯ ವಾಟೆಹುಳಿ, ಮುರುಗಲು, ಉಪ್ಪಾಗೆ, ಅಪ್ಪೆಮಿಡಿಯ ಉಪ್ಪಿನಕಾಯಿ ಅವುಗಳಲ್ಲಿ ಎಲ್ಲಿಂದ ಬರಬೇಕು? ಆಹಾರದ ಪ್ರಶ್ನಾವಳಿಯಲ್ಲಿಯೂ ಅವು ಇರಲಿಲ್ಲ. "ಇತರೆ" ಎಂಬ ಖಾಲಿ ಸಾಲಿನಲ್ಲಿ ಒಂದೊಂದನ್ನೇ ಬರೆದು, ಅದು ಹುಳಿಯೋ ಒಗರೋ, ಹೇಗೆ ಬಳಸುತ್ತೇವೆ ಎಂದು ಪಕ್ಕದಲ್ಲಿ ವಿವರಿಸಿದೆ. ನನ್ನ ಮಟ್ಟಿಗೆ ಕಾಫಿ ಮತ್ತು ಹುಳಿ ಸಾರು ನೋವನ್ನು ಏರಿಸುತ್ತವೆ; ಒಂದೆಲಗದ ತಂಬುಳಿಗೆ ಮಜ್ಜಿಗೆ ತೀರ ಹುಳಿಯಾಗದಿದ್ದರೆ ಏನೂ ತೊಂದರೆಯಿಲ್ಲ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು, ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಬಿಟ್ಟು ಸೊರಗಬೇಡಿ. ಒಂದೊಂದನ್ನೇ ಬಿಟ್ಟು, ಬರೆದು, ಮತ್ತೆ ಸೇರಿಸಿ ನೋಡಿ.

ಭೇಟಿಯ ದಿನ ಓಲಿಯರಿ–ಸಂತ್ ಎಂಬ ಪ್ರಶ್ನಾವಳಿಯನ್ನು ತುಂಬಬೇಕು. 1997ರಿಂದ ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಇದರಲ್ಲಿ ಲಕ್ಷಣಗಳಿಗೆ ನಾಲ್ಕು ಪ್ರಶ್ನೆ, 20 ಅಂಕ. ಅವುಗಳಿಂದಾಗುವ ತೊಂದರೆಗೆ ನಾಲ್ಕು ಪ್ರಶ್ನೆ, 16 ಅಂಕ. ತುಂಬಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆ ಬಳಿಕ ಮಹಿಳಾ ವೈದ್ಯರು ಸೊಂಟದ ತಳದ ಸ್ನಾಯುಗಳನ್ನು ಪರೀಕ್ಷಿಸಿದರು. ನನ್ನ ಸ್ನಾಯುಗಳು ಬಿಗಿದುಕೊಂಡಿದ್ದವು, ಮುಟ್ಟಿದ ಒಂದೆರಡು ಕಡೆ ನನ್ನ ಎಂದಿನ ನೋವೇ ಮರುಕಳಿಸಿತು. ಈ ಬಗೆಯವರಿಗೆ ಸ್ನಾಯುಗಳನ್ನು ಸಡಿಲಿಸುವ ಫಿಸಿಯೋಥೆರಪಿ ಉಪಯುಕ್ತವೆಂದು ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದೆ. ಆ ಚಿಕಿತ್ಸೆ ಪಡೆದ ಹೆಂಗಸರಲ್ಲಿ ಶೇಕಡಾ 59 ಮಂದಿಗೂ, ಸಾಮಾನ್ಯ ಮಸಾಜ್ ಪಡೆದವರಲ್ಲಿ ಶೇಕಡಾ 26 ಮಂದಿಗೂ ಗುಣ ಕಂಡಿತ್ತು. ಹೆರಿಗೆಯ ನಂತರ ಹೇಳಿಕೊಡುವ, ಸ್ನಾಯುಗಳನ್ನು ಬಿಗಿಹಿಡಿಯುವ ಕೆಗೆಲ್ ವ್ಯಾಯಾಮ ಇದಕ್ಕೆ ತದ್ವಿರುದ್ಧವಾದದ್ದು, ಈ ನೋವಿರುವವರು ಅದನ್ನು ಮಾಡಬಾರದು. ಪರೀಕ್ಷೆಯ ವರದಿಯನ್ನು ನನ್ನ ಶಿವಮೊಗ್ಗದ ವೈದ್ಯರಿಗೆ ಕಳುಹಿಸಿದರು, ಅವರು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಧ್ಯಯನದಿಂದ ನನಗೆ ನೇರವಾಗಿ ಸಿಕ್ಕ ಪ್ರಯೋಜನವೆಂದರೆ ಇದೊಂದು.

ಉಳಿದಂತೆ ಅಧ್ಯಯನವನ್ನು ಚಿಕಿತ್ಸೆಯೆಂದು ಭಾವಿಸಿ ಯಾರೂ ಹೋಗಬಾರದು. ಸೇರಿದ ಮೊದಲ ತಿಂಗಳುಗಳಲ್ಲಿ ನನ್ನ ಅಂಕಿಗಳು ಸ್ವಲ್ಪ ಇಳಿದವು. ನಾನು ಹಿಗ್ಗಿದಾಗ ವೈದ್ಯರು ಸಮಾಧಾನದಿಂದ ವಿವರಿಸಿದರು. ಜನ ಸಾಮಾನ್ಯವಾಗಿ ನೋವು ಏರಿದ ಕಾಲದಲ್ಲಿಯೇ ಇಂಥ ಕಡೆಗೆ ಬರುತ್ತಾರೆ, ಏರಿದ್ದು ತನ್ನಷ್ಟಕ್ಕೇ ಒಂದಿಷ್ಟು ಇಳಿಯುತ್ತದೆ. ಅದರ ಮೇಲೆ ಯಾರೋ ಕೂರಿಸಿಕೊಂಡು ಕೇಳುತ್ತಾರೆಂಬುದರಿಂದಲೂ ಹಗುರವಾಗುತ್ತದೆ. ಔಷಧಿ ಪ್ರಯೋಗಗಳಲ್ಲಿ ಒಂದು ಗುಂಪಿಗೆ ಔಷಧಿಯಿಲ್ಲದ ಮಾತ್ರೆ, ಅಂದರೆ ಪ್ಲಸೀಬೊ ಕೊಡುವುದು ಈ ಕಾರಣಕ್ಕೆ. 2010ರಲ್ಲಿ ಪ್ರಕಟವಾದ ಅಮಿಟ್ರಿಪ್ಟಿಲಿನ್ ಎಂಬ ಔಷಧಿಯ ಪ್ರಯೋಗದಲ್ಲಿ ಎರಡೂ ಗುಂಪಿನವರಿಗೆ ಆಹಾರ, ನೀರು, ಮೂತ್ರಕೋಶದ ಅಭ್ಯಾಸಗಳ ಬಗ್ಗೆ ತಿಳಿವಳಿಕೆ ಕೊಟ್ಟಿದ್ದರು. ಔಷಧಿ ಪಡೆದವರಲ್ಲಿ ಶೇಕಡಾ 55, ಪ್ಲಸೀಬೊ ಪಡೆದವರಲ್ಲಿ ಶೇಕಡಾ 45 ಮಂದಿ ಗುಣ ಕಂಡರು. ಈ ಅಂತರ ಔಷಧಿಯಿಂದಲೇ ಆದದ್ದೆಂದು ಖಚಿತವಾಗಿ ಹೇಳಲು ಸಾಲದು. ತಿಳಿವಳಿಕೆ ಮತ್ತು ಗಮನ ಇಷ್ಟೇ ಸಿಕ್ಕಿದ ಗುಂಪಿನಲ್ಲಿ ಅರ್ಧದ ಹತ್ತಿರ ಹತ್ತಿರ ಜನ ಚೇತರಿಸಿಕೊಂಡರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಆ ತಿಳಿವಳಿಕೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕೊಡಬಹುದಲ್ಲವೇ?

ಪ್ರಯೋಗ ಮುಗಿದು ಔಷಧಿ ಮಾರುಕಟ್ಟೆಗೆ ಬಂದ ಮೇಲೂ ರೋಗಿಗಳ ಮಾತನ್ನು ಕೇಳುತ್ತಿರಬೇಕು. ಪೆಂಟೋಸಾನ್ ಪಾಲಿಸಲ್ಫೇಟ್ ಎಂಬ ಮಾತ್ರೆಗೆ ಈ ಕಾಯಿಲೆಗಾಗಿಯೇ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಹಲವು ವರ್ಷ ನುಂಗಿದ ಕೆಲವರಲ್ಲಿ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಿರುವುದನ್ನು ಅಟ್ಲಾಂಟದ ಕಣ್ಣಿನ ವೈದ್ಯರು ವರದಿ ಮಾಡಿದ್ದು 2018ರಲ್ಲಿ. 2020ರಲ್ಲಿ ಆ ಎಚ್ಚರಿಕೆ ಔಷಧಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಸೇರಿತು. ಈ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವವರು ಓದುತ್ತಿದ್ದರೆ ಗಾಬರಿಯಾಗಿ ನಿಲ್ಲಿಸಬೇಡಿ. ನಿಮ್ಮ ವೈದ್ಯರನ್ನು ಕೇಳಿ, ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಯಾಣದ ಬಗ್ಗೆಯೂ ಹೇಳಬೇಕು. ತೀರ್ಥಹಳ್ಳಿಯಿಂದ ಮಂಡಗದ್ದೆಯ ಮೇಲೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವ ಸುಮಾರು 60 ಕಿಲೋಮೀಟರ್ ದೂರವೇ ನನಗೆ ದೊಡ್ಡ ಪರೀಕ್ಷೆ. ಶಿವಮೊಗ್ಗದಿಂದ ಮುಂದೆ ರೈಲು. ಬೋಗಿಯಲ್ಲಿ ಶೌಚಾಲಯವಿದೆ ಎಂಬ ಒಂದೇ ಕಾರಣಕ್ಕೆ ನಾನು ರೈಲನ್ನು ಆರಿಸಿಕೊಳ್ಳುತ್ತೇನೆ. ಪ್ರಯಾಣದ ಖರ್ಚನ್ನು ಅಧ್ಯಯನದವರು ಕೊಡುತ್ತಾರೆ, ಆದರೆ ನೋವನ್ನು ಹೊತ್ತು ಅಷ್ಟು ದೂರ ಹೋಗುವ ಶಕ್ತಿಯಾಗಲಿ, ಮನೆಯಿಂದ ಅಷ್ಟು ಹೊತ್ತು ಹೊರಗಿರುವ ಅನುಕೂಲವಾಗಲಿ ಎಲ್ಲ ಹೆಂಗಸರಿಗೂ ಇರುವುದಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯ ಯಾವ ಹೆಂಗಸು ಎರಡು ದಿನ ಬೆಂಗಳೂರಿಗೆ ಹೋಗಿ ಬರಬಲ್ಲಳು? ದೊಡ್ಡ ಊರುಗಳಲ್ಲಿ ನಡೆಯುವ ಅಧ್ಯಯನಗಳಲ್ಲಿ ನಮ್ಮಂಥವರು ಇಲ್ಲದಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ನಡುವಿನ ಕೆಲವು ಭೇಟಿಗಳನ್ನು ಫೋನಿನಲ್ಲಿ ಮುಗಿಸಿ, ಮಾದರಿಗಳನ್ನು ಶಿವಮೊಗ್ಗದಲ್ಲಿಯೇ ತೆಗೆದುಕೊಳ್ಳಲು ಸಾಧ್ಯವೇ ಎಂದು ಕೇಳಿದೆ. ಫೋನಿಗೆ ಒಪ್ಪಿದರು. ಮಾದರಿಗಳನ್ನು ತೆಗೆದ ಕೂಡಲೇ ಶೀತಲೀಕರಿಸಬೇಕಾದ್ದರಿಂದ ಅದು ಆಗಲಿಲ್ಲ.

ಅತ್ತೆಯವರ ಪ್ರಶ್ನೆಯನ್ನೂ ನಾನು ಅಲ್ಲಿ ಕೇಳಿದೆ. ಅಧ್ಯಯನ ಮುಗಿದ ಮೇಲೆ ಫಲಿತಾಂಶ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಸರಿ. ಆದರೆ ಮೂತ್ರ ಅಳೆದು ಬರೆದವರಿಗೆ ಅದು ಹೇಗೆ ತಿಳಿಯಬೇಕು? ಮುಖ್ಯ ವೈದ್ಯರು ಸ್ವಲ್ಪ ಯೋಚಿಸಿ, ಭಾಗವಹಿಸಿದವರಿಗೆಲ್ಲ ಕನ್ನಡದಲ್ಲಿ ಒಂದು ಪತ್ರ ಕಳುಹಿಸಬಹುದು, ಅದರ ಒಕ್ಕಣೆಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಅದರಲ್ಲಿ ಏನೇನು ಇರಬೇಕೆಂದು ನೀವೇ ಬರೆದುಕೊಡಿ ಎಂದರು. ಬರೆದುಕೊಟ್ಟಿದ್ದೇನೆ. ಎಷ್ಟು ಜನ ಸೇರಿದ್ದರು, ಎಷ್ಟು ಜನ ನಡುವೆ ಬಿಟ್ಟರು, ಏಕೆ ಬಿಟ್ಟರು, ಏನು ತಿಳಿಯಿತು, ಏನು ತಿಳಿಯಲಿಲ್ಲ, ನಮ್ಮ ಮಾದರಿಗಳು ಈಗ ಎಲ್ಲಿವೆ, ನಮ್ಮ ಊರಿನ ವೈದ್ಯರಿಗೆ ತೋರಿಸಬಹುದಾದ ಒಂದು ಪುಟದ ಸಾರಾಂಶ ಇವಿಷ್ಟು ಅದರಲ್ಲಿರಬೇಕೆಂದು ಕೇಳಿದ್ದೇನೆ. ಪತ್ರದ ಕರಡು ಕಮಿಟಿಯ ಮುಂದಿದೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಅಷ್ಟರೊಳಗೆ ನಿಮಗೂ ಕೇಳಬೇಕೆನಿಸುವ ಪ್ರಶ್ನೆಗಳಿದ್ದರೆ ನನಗೆ ಬರೆದು ತಿಳಿಸಿ, ಮುಂದಿನ ಭೇಟಿಗೆ ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ.